ಹತ್ತು ತಿಂಗಳ ಚೀಟಿ

ತಿಪಟೂರು
೨ ಆಗಸ್ಟ್ ೨೦೨೩

ಕೋಮಲಾ,

ಫೋನಿನಲ್ಲಿ ಮಾತಾಡಿದರೆ ನಾನು ಬೈಯುತ್ತೇನೆ, ನೀನು ಅಳುತ್ತೀಯ, ಕೆಲಸ ಆಗುವುದಿಲ್ಲ. ಅದಕ್ಕೇ ನಿನ್ನ ನಂಬರು ಬ್ಲಾಕ್ ಮಾಡಿದ್ದೇನೆ. ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ. ರಜೆ ಹಾಕಿ ಮೈಸೂರಿನಲ್ಲಿ ಪಿಎಚ್‌ಡಿಗೆ ಕೂತವರಿಗೆ ಒಂದು ಕಾಗದ ಓದಲು ಪುರುಸೊತ್ತು ಇರಬಹುದು.

ಚಿತ್ತಮ್ಮ ಬಿದ್ದಳು. ನಿನಗೆ ಗೊತ್ತಿರುವ ಚಿತ್ತಮ್ಮನೇ. ಶೆಟ್ಟಿಕೆರೆ ಕಡೆಯ ಹಟ್ಟಿಯವಳು, ತೆಂಗಿನ ಮರ ಹತ್ತುವ ಮಿಷನ್ನನ್ನು ನಮ್ಮ ವರ್ಕ್‌ಶಾಪಿನಿಂದ ಒಯ್ದ ಮೊದಲ ಹೆಂಗಸು. ನಿನ್ನ ಲ್ಯಾಪ್‌ಟಾಪು ಬಗ್ಗಿ ನೋಡಿ, "ಅಕ್ಕಾ, ಇದ್ರಾಗೆ ನಾನ್ ಯಾವಾಗ ಸಾಯ್ತೀನಿ ಅಂತ್ಲೂ ಬತ್ತದಾ?" ಅಂತ ಕೇಳಿ ನಮ್ಮಿಬ್ಬರನ್ನೂ ನಗಿಸಿದವಳು. ಜುಲೈ ಹತ್ತೊಂಬತ್ತು, ಬುಧವಾರ ಬೆಳಿಗ್ಗೆ, ಬಿಳಿಗೆರೆಯ ಒಂದು ತೋಟದಲ್ಲಿ ಮೂವತ್ತು ಅಡಿ ಮೇಲೆ ಮರಕ್ಕೆ ಬಿಗಿದ ಎಡಗಾಲಿನ ಕೇಬಲ್ ತುಂಡಾಯಿತು. ಸಾಯಲಿಲ್ಲ. ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ. ಡಾಕ್ಟರು ಅವಳ ಅಣ್ಣ ಜುಂಜಣ್ಣನನ್ನು ಪಕ್ಕಕ್ಕೆ ಕರೆದು, ಇನ್ನು ಮನೆಗೆ ಕರೆದುಕೊಂಡು ಹೋಗಿ ಅಂದರು.

ಮಿಷನ್ನಿನ ಕಾಲುಪಟ್ಟಿಯ ಮೇಲೆ ಚೀಟಿ ಹಾಗೇ ಇತ್ತು. ಒಂದು ಮೂಲೆಯೂ ಎದ್ದಿರಲಿಲ್ಲ. "ಈ ಕೇಬಲ್ ಹತ್ತು ತಿಂಗಳು ಭದ್ರ. ಕಂಪ್ಯೂಟರ್ ಲೆಕ್ಕ: ಕೋಮಲಾ, ಸಂಖ್ಯಾಶಾಸ್ತ್ರ ಉಪನ್ಯಾಸಕಿ." ಕೆಳಗೆ ನಿನ್ನ ಕಾಲೇಜಿನ ಹೆಸರು. ಹೋದ ವರ್ಷ ಆಯುಧಪೂಜೆಯ ದಿನ ನಾನೇ ಅಂಟಿಸಿದ್ದು. ಬಿದ್ದ ದಿನಕ್ಕೆ ಒಂಬತ್ತೂವರೆ ತಿಂಗಳಾಗಿತ್ತು.

ಅಂಥ ಚೀಟಿ ಅಂಟಿಸಿದ ಮಿಷನ್ನು ಇನ್ನೂ ನೂರಾ ಎಂಬತ್ತಾರು ಇವೆ. ದಿನಾ ಮರ ಹತ್ತುತ್ತಿವೆ. ತಂದು ತೋರಿಸಿ ಅಂದರೆ ಯಾರೂ ತರುತ್ತಿಲ್ಲ. ಓದಿದವಳ ಚೀಟಿ ಅದು, ಗ್ರೀಸ್ ಕೈಯವಳ ಮಾತಿಗೆ ಅಳಿಸಿಹೋಗುವುದಿಲ್ಲ. ನನಗೆ ನಿನ್ನಿಂದ ಬೇಕಾಗಿರುವುದು ಒಂದೇ ಹಾಳೆ. ಆ ಲೆಕ್ಕ ತಪ್ಪು, ಚೀಟಿ ನಂಬಬೇಡಿ, ಮಿಷನ್ ತಂದು ತೋರಿಸಿ ಅಂತ ಬರೆದು ಕೆಳಗೆ ಸಹಿ ಹಾಕಿ ಕಳಿಸು. ಸಮಾಧಾನ ಹೇಳಬೇಡ, ಹಾಳೆ ಕಳಿಸು.

ನಸೀಮ್ ಬಾನು
ಪೀರ್ ಸಾಬ್ ವರ್ಕ್‌ಶಾಪ್


ಮೈಸೂರು
೧೩ ಆಗಸ್ಟ್ ೨೦೨೩

ಪ್ರೀತಿಯ ನಸೀಮ್,

ನಿನ್ನ ಕಾಗದ ಓದಿ ಎರಡು ದಿನ ಊಟ ಸೇರಲಿಲ್ಲ. ಇದನ್ನು ನೀನು ನಂಬುವುದಿಲ್ಲ, ಇರಲಿ. ಚಿತ್ತಮ್ಮನ ಮುಖ ಕಣ್ಣಮುಂದೆ ಬಂದು ನಿಲ್ಲುತ್ತದೆ.

ಆದರೂ ಕೆಲವು ಮಾತು ಹೇಳಲೇಬೇಕು. ನಾನು ಬಾಯಿಗೆ ಬಂದ ಸಂಖ್ಯೆ ಕೊಟ್ಟವಳಲ್ಲ. ಹೋದ ವರ್ಷದ ಬೇಸಿಗೆ ರಜೆಯಲ್ಲಿ ಹದಿನೈದು ದಿನ ನಿಮ್ಮ ವರ್ಕ್‌ಶಾಪಿನ ಸ್ಟೂಲಿನ ಮೇಲೆ ಕೂತಿದ್ದೆ. ನಿನ್ನ ಅಬ್ಬ ತೀರಿಹೋಗುವ ಮುಂಚೆ ಹನ್ನೊಂದು ವರ್ಷ ಉರ್ದುವಿನಲ್ಲಿ ಬರೆದಿಟ್ಟ ಪುಸ್ತಕ ನೀನು ಓದುತ್ತಾ ಹೋದೆ, ನಾನು ಲ್ಯಾಪ್‌ಟಾಪಿನಲ್ಲಿ ಒತ್ತುತ್ತಾ ಹೋದೆ. ಕೇಬಲ್ ಹಾಕಿದ ದಿನ, ಕೇಬಲ್ ಬದಲಿಸಿದ ದಿನ. ಮುನ್ನೂರಾ ಹನ್ನೆರಡು ಸಾಲು. ಒಂದು ಕೇಬಲ್ ಹನ್ನೆರಡು ತಿಂಗಳಿಗೆ ಹೋಗಬಹುದು, ಇನ್ನೊಂದು ಹದಿಮೂರೂಕಾಲು ತಿಂಗಳಿಗೆ, ನಡುವೆ ಯಾವ ಕ್ಷಣಕ್ಕೆ ಬೇಕಾದರೂ ಹೋಗಬಹುದು. ಇಂಥದ್ದಕ್ಕೆ ಎಲ್ಲಿಯೂ ಕಡಿಯದ ಒಂದು ಗೆರೆ ಎಳೆಯುತ್ತೇವೆ. ಎರಡು ಸಂಖ್ಯೆ ಸಿಕ್ಕರೆ ಸಾಕು, ಗೆರೆ ತಾನೇ ಮೂಡುತ್ತದೆ. ನಮ್ಮದಕ್ಕೆ ಗೆರೆಯ ಆಕಾರಕ್ಕೆ ಐದು, ಅಳತೆಗೆ ಇಪ್ಪತ್ತೈದು ತಿಂಗಳು ಬಂತು. ಆಮೇಲೆ ಏನು ಕೇಳಿದರೂ ಕಂಪ್ಯೂಟರು ಹೇಳುತ್ತದೆ. ಸರಾಸರಿ ಆಯಸ್ಸು ಇಪ್ಪತ್ತಮೂರು ತಿಂಗಳು. ನೂರರಲ್ಲಿ ಒಂದೇ ಒಂದು ಕೇಬಲ್ ಹೋಗುವುದು ಹತ್ತನೇ ತಿಂಗಳೊಳಗೆ. ಒಂಬತ್ತೂವರೆ ತಿಂಗಳಿಗೆ ಕೇಳಿದರೆ ಸಾವಿರಕ್ಕೆ ಎಂಟು.

ಸಾವಿರಕ್ಕೆ ಎಂಟು ಅಂದರೆ ಸೊನ್ನೆ ಅಲ್ಲ, ನಸೀಮ್. ಸೊನ್ನೆ ಅಂತ ನಾನು ಎಂದೂ ಹೇಳಿಲ್ಲ. ನಾನು ಬರೆದುಕೊಟ್ಟ ವಾಕ್ಯ "ನೂರಕ್ಕೆ ತೊಂಬತ್ತೊಂಬತ್ತು ಕೇಬಲ್ ಬಾಳುವ ಅವಧಿ" ಅಂತ ಇತ್ತು. ಪ್ರೆಸ್ಸಿಗೆ ಕೊಡುವಾಗ ಅದನ್ನು "ಭದ್ರ" ಅಂತ ಮಾಡಿದವಳು ನೀನು. ಆ ಎಂಟರಲ್ಲಿ ಒಂದು ಚಿತ್ತಮ್ಮನ ಪಾಲಿಗೆ ಬಂದದ್ದು ದುರದೃಷ್ಟ. ಲೆಕ್ಕ ತಪ್ಪಾಗಿದೆ ಅಂತ ಅದರಿಂದ ಹೇಳಲು ಬರುವುದಿಲ್ಲ. ತಪ್ಪಿಲ್ಲದ ಲೆಕ್ಕವನ್ನು ತಪ್ಪು ಅಂತ ನಾನು ಸಹಿ ಹಾಕಿ ಹೇಗೆ ಕೊಡಲಿ?

ಒಂದು ಪ್ರಶ್ನೆ ಇದೆ, ಬೇಸರ ಮಾಡಿಕೊಳ್ಳಬೇಡ. ಬೀಳುವುದಕ್ಕೆ ಮುಂಚೆ ಆ ಕೇಬಲನ್ನು ಯಾರಾದರೂ ನೋಡಿದ್ದರಾ? ಕೇಬಲ್ ಒಂದೇ ಸಲ ಪಟಕ್ಕನೆ ಹೋಗುವುದಿಲ್ಲ, ಎಳೆ ಎಳೆಯಾಗಿ ಹೋಗುತ್ತದೆ ಅಂತ ನೀನೇ ಹೇಳಿಕೊಟ್ಟಿದ್ದೆ.

ನಿನ್ನ
ಕೋಮಲಾ


ತಿಪಟೂರು
೨೧ ಆಗಸ್ಟ್ ೨೦೨೩

ಕೋಮಲಾ,

ಸಾವಿರಕ್ಕೆ ಎಂಟು. ಜುಂಜಣ್ಣನಿಗೆ ಓದಿ ಹೇಳಲಾ? ತಂಗಿಯ ಬಟ್ಟೆ ಬದಲಿಸಲು ಈಗ ಇಬ್ಬರು ಬೇಕು, ಅಷ್ಟು ಹೊತ್ತಿನಲ್ಲಿ ನಿಂತು ಕೇಳಿಸಿಕೊಳ್ಳುತ್ತಾನೆ. "ನೋಡಪ್ಪ, ಮಿಕ್ಕ ಒಂಬೈನೂರಾ ತೊಂಬತ್ತೆರಡು ಕೇಬಲ್ ಚೆನ್ನಾಗಿವೆ" ಅಂತ ಹೇಳುತ್ತೇನೆ.

"ಭದ್ರ" ಅಂತ ಹಾಕಿದ್ದು ನಾನೇ. ನಿನ್ನ ಅಷ್ಟುದ್ದದ ವಾಕ್ಯ ಹಿಡಿಸಲು ಕಾಲುಪಟ್ಟಿಯಲ್ಲಿ ಜಾಗ ಇರಲಿಲ್ಲ. ಪ್ರೂಫ್ ನಿನಗೆ ವಾಟ್ಸಾಪಿನಲ್ಲಿ ಕಳಿಸಿದ್ದೆ, ಹೆಬ್ಬೆಟ್ಟು ಒತ್ತಿದ್ದೆ ನೀನು. ಬೇಕಾದರೆ ಹುಡುಕಿ ನೋಡು, ಅಳಿಸಿಲ್ಲ ಅಂದುಕೊಂಡಿದ್ದೇನೆ.

ಈಗ ಕೇಳು. ಹೋದ ವಾರ ಸ್ಕೂಟರ್ ಹತ್ತಿ ಬಿಳಿಗೆರೆ, ದಂಡಿನಶಿವರ, ಶೆಟ್ಟಿಕೆರೆ ಎಲ್ಲ ಸುತ್ತಿದೆ. ಕಾಡಿ ಬೇಡಿ ನಲವತ್ತು ಮಿಷನ್ ನೋಡಿದೆ. ಎಲ್ಲಕ್ಕೂ ಚೀಟಿ ಇದೆ, ಎಲ್ಲವೂ ಹತ್ತು ತಿಂಗಳ ಒಳಗಿನವು. ಹನ್ನೊಂದರಲ್ಲಿ ಎಳೆ ಕಿತ್ತಿದೆ. ಕಿತ್ತ ಜಾಗಕ್ಕೆ ಸೈಕಲ್ ಟ್ಯೂಬು ಕತ್ತರಿಸಿ ಬಿಗಿಯಾಗಿ ಸುತ್ತಿದ್ದಾರೆ. ನಿನ್ನ ಗೆರೆಯ ಪ್ರಕಾರ ನಲವತ್ತಕ್ಕೆ ಒಂದು ಪೂರ್ತಿ ಬರಬಾರದು. ಹನ್ನೊಂದು ಬಂದಿದೆ. ಇದಕ್ಕೂ ದುರದೃಷ್ಟ ಅಂತೀಯಾ? ಆ ಹನ್ನೊಂದನ್ನು ನಿಂತಲ್ಲೇ ಬದಲಿಸಿದೆ. ಮಿಕ್ಕವರು ಮಿಷನ್ ಮುಟ್ಟಗೊಡಲಿಲ್ಲ.

ಟ್ಯೂಬು ಸುತ್ತುವುದು ಹೊಸದೇನಲ್ಲ, ಈ ಕಡೆ ಎಲ್ಲರಿಗೂ ಗೊತ್ತು. ಕೇಬಲಿನ ಎಳೆ ಕಿತ್ತರೆ ಟ್ಯೂಬು ಸುತ್ತಿ, ನಡುವಿಗೆ ಬೇರೆ ಹಗ್ಗ ಬಿಗಿದುಕೊಂಡು ಹತ್ತುತ್ತಾರೆ. ಆಯುಧಪೂಜೆಗೆ ಮಿಷನ್ ತೊಳೆದು ತರುತ್ತಾರೆ. ಮೊದಲ ಹಬ್ಬಕ್ಕೆ ಬಣ್ಣ, ಎರಡನೇ ಹಬ್ಬಕ್ಕೆ ಹೊಸ ಕೇಬಲ್. ಅಬ್ಬನ ಕಾಲದಿಂದಲೂ ಹಾಗೇ. ಅಬ್ಬ ಪುಸ್ತಕದಲ್ಲಿ ದಿನಾಂಕದ ಪಕ್ಕ ಅಲ್ಲಲ್ಲಿ "ಟ್ಯೂಬ್" ಅಂತ ಬರೆದಿದ್ದಾರೆ. ಮೊದಲ ದಿನ ಅದನ್ನೂ ಓದಿದೆ ನಾನು. "ದಿನಾಂಕ ಸಾಕು ಕಣೇ, ಅದೆಲ್ಲ ಬೇಡ, ಬೇಗ ಮುಗಿಸೋಣ" ಅಂದವಳು ನೀನು. ಮೊನ್ನೆ ಕೂತು ಎಣಿಸಿದೆ. ನೂರಾ ನಲವತ್ತು ಸಾಲಿನ ಪಕ್ಕ ಟ್ಯೂಬ್ ಅಂತ ಇದೆ.

ಮುಂಚೆ ಯಾರೂ ಕೇಬಲನ್ನು ನಂಬುತ್ತಿರಲಿಲ್ಲ, ಅದಕ್ಕೇ ನಡುವಿಗೆ ಹಗ್ಗ ಕಟ್ಟುತ್ತಿದ್ದರು. ಚೀಟಿ ಬಂದ ಮೇಲೆ ಹಗ್ಗ ಬಿಟ್ಟರು. ಚಿತ್ತಮ್ಮನೂ ಬಿಟ್ಟಳು. ಚೀಟಿಯ ತಿಂಗಳು ಮುಗಿದವರು, "ಇನ್ನೇನ್ ಹಬ್ಬ ಬಂತು, ಅವಾಗ್ಲೇ ಹಾಕುಸ್ಬುಡಾನ ಬುಡಕ್ಕ" ಅನ್ನುತ್ತಾರೆ. ಚೀಟಿಯಿಂದಲೂ ಹಬ್ಬದ ರೂಢಿಯಿಂದಲೂ ತಮಗೆ ಅನುಕೂಲವಾದದ್ದನ್ನು ಇಟ್ಟುಕೊಂಡಿದ್ದಾರೆ.

ಹಾಳೆ ಕಳಿಸು.

ನಸೀಮ್ ಬಾನು


ಮೈಸೂರು
೫ ಸೆಪ್ಟೆಂಬರ್ ೨೦೨೩

ನಸೀಮ್,

ಹತ್ತು ಸಲ ಬರೆದು ಹರಿದೆ. ಇದನ್ನು ಹರಿಯದೆ ಕಳಿಸುತ್ತೇನೆ.

ನಿನ್ನ ಕಾಗದದ "ಎರಡನೇ ಹಬ್ಬಕ್ಕೆ ಹೊಸ ಕೇಬಲ್" ಅನ್ನುವ ಮಾತು ಓದಿದಾಗ ನಾನು ಲೈಬ್ರರಿಯಲ್ಲಿದ್ದೆ. ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಹೋದ ವರ್ಷ ಆ ಮುನ್ನೂರಾ ಹನ್ನೆರಡು ಸಾಲನ್ನು ಚಿತ್ರ ಮಾಡಿ ನೋಡಿದಾಗ ಇಪ್ಪತ್ತನಾಲ್ಕು ತಿಂಗಳ ಹತ್ತಿರ ಒಂದು ದೊಡ್ಡ ಗುಡ್ಡೆ ಎದ್ದಿತ್ತು. ನಾನು ಅದನ್ನು ನೋಡಿದೆ, ನಸೀಮ್. ನೋಡಲಿಲ್ಲ ಅಂತ ಸುಳ್ಳು ಹೇಳಬಹುದಿತ್ತು, ಹೇಳುವುದಿಲ್ಲ. ವಯಸ್ಸು ಕೇಳಿದರೆ ಹಳ್ಳಿಯ ಮುದುಕರು ಐವತ್ತು, ಅರವತ್ತು ಅಂತ ದುಂಡಗೆ ಹೇಳುತ್ತಾರಲ್ಲ, ಜನಗಣತಿ ಪಾಠದಲ್ಲಿ ಅದನ್ನು ವರ್ಷವರ್ಷ ಹೇಳಿಕೊಡುತ್ತೇನೆ. ಇದೂ ಹಾಗೇ, ನಿನ್ನ ಅಬ್ಬ ಜ್ಞಾಪಕದಿಂದ "ಎರಡು ವರ್ಷ" ಅಂತ ದುಂಡಗೆ ಬರೆದಿದ್ದಾರೆ ಅಂದುಕೊಂಡೆ. ಆ ಗುಡ್ಡೆಯ ಮೇಲೆ ನಯವಾದ ಗೆರೆ ಎಳೆದೆ. ಪ್ರೋಗ್ರಾಮು ಏನೂ ಕೇಳಲಿಲ್ಲ. ಕೊಟ್ಟಿದ್ದಕ್ಕೆ ಸರಾಸರಿ ತೆಗೆಯಿತು, ಹರಡುವಿಕೆ ತೆಗೆಯಿತು, ತೀರಾ ಬೇಗ ಹೋಗುವ ಬಾಲದ ಸಂಭವ ತೆಗೆಯಿತು, ನಾಲ್ಕು ದಶಾಂಶದವರೆಗೆ ಅಚ್ಚುಕಟ್ಟಾಗಿ ಕೊಟ್ಟಿತು. ನಿನ್ನ ಅಬ್ಬನಷ್ಟು ನಿಖರವಾಗಿ ದಿನಾಂಕ ಬರೆಯುವ ಮನುಷ್ಯನನ್ನೇ ದುಂಡಗೆ ಬರೆದವನು ಅಂತ ತೀರ್ಮಾನ ಮಾಡಿದೆನಲ್ಲ, ಅದು ನನ್ನ ಸೊಕ್ಕು.

ನಾನು ಲೆಕ್ಕ ಹಾಕಿದ್ದು ಕೇಬಲಿನ ಆಯಸ್ಸನ್ನೇ ಅಲ್ಲ. ಎರಡನೇ ಆಯುಧಪೂಜೆಯವರೆಗಿನ ದೂರವನ್ನು. ಕೇಬಲ್ ಯಾವಾಗ ಕಿತ್ತಿತು ಅಂತ ಆ ಪುಸ್ತಕದಲ್ಲಿ ಎಲ್ಲೂ ಇಲ್ಲ. ಆದ್ದರಿಂದ ಈಗ ಸರಿಯಾದ ಸಂಖ್ಯೆ ಕೊಡು ಅಂದರೂ ನನ್ನಲ್ಲಿ ಇಲ್ಲ.

ಇದೇ ಗೆರೆಯ ಮೇಲೆ ಯಾವುದೇ ಒಂದು ಕ್ಷಣವನ್ನು ಬೊಟ್ಟು ಮಾಡಿ ಕೇಳಿದರೆ ಸಂಭವ ಸೊನ್ನೆ ಬರುತ್ತದೆ. ತರಗತಿಯಲ್ಲಿ ಇದನ್ನು ಹೇಳಿ ಹುಡುಗಿಯರನ್ನು ಬೆರಗು ಮಾಡುತ್ತಿದ್ದೆ. ಚಿತ್ತಮ್ಮ ಬಿದ್ದ ಆ ಕ್ಷಣವನ್ನು ಕೊಟ್ಟು ಕೇಳಿದರೂ ಕಂಪ್ಯೂಟರು ಸೊನ್ನೆ ಅಂತಲೇ ಹೇಳುತ್ತದೆ. ಇನ್ನು ಮೇಲೆ ಆ ಪಾಠ ಹೇಗೆ ಮಾಡಲಿ ಅಂತ ತೋಚುತ್ತಿಲ್ಲ.

ಹಾಳೆಯ ವಿಷಯ. ಕೋಪ ಮಾಡಿಕೊಳ್ಳದೆ ಓದು. ಚೀಟಿಯಲ್ಲಿ ಕಾಲೇಜಿನ ಹೆಸರು ಹಾಕಲು ನಾನು ಯಾರ ಅನುಮತಿಯನ್ನೂ ಕೇಳಿರಲಿಲ್ಲ. ಪ್ರಬಂಧದ ಮೂರನೇ ಅಧ್ಯಾಯ ಇದೇ ಲೆಕ್ಕ. ಈಗ ತಪ್ಪು ಅಂತ ಸಹಿ ಹಾಕಿದರೆ ಕೆಲಸಕ್ಕೂ ಕುತ್ತು, ಪ್ರಬಂಧಕ್ಕೂ ಕುತ್ತು. ನನ್ನ ಗೈಡು, "ಬರವಣಿಗೆಯಲ್ಲಿ ಏನೂ ಕೊಡಬೇಡಿ" ಅಂದರು. ಡಿಸೆಂಬರಿನಲ್ಲಿ ಪ್ರಬಂಧ ಕೊಟ್ಟುಬಿಡುತ್ತೇನೆ, ಆಮೇಲೆ ಏನು ಬೇಕಾದರೂ ಬರೆದುಕೊಡುತ್ತೇನೆ. ಮೂರು ತಿಂಗಳು ಕೊಡು.

ನನ್ನ ಪ್ರಶ್ನೆಗೆ ನೀನು ಉತ್ತರ ಬರೆಯಲಿಲ್ಲ.

ಕೋಮಲಾ


ತಿಪಟೂರು
೧೬ ಸೆಪ್ಟೆಂಬರ್ ೨೦೨೩

ಕೋಮಲಾ ಮೇಡಂ ಅವರಿಗೆ,

ಮೂರು ತಿಂಗಳು ನನ್ನನ್ನು ಯಾಕೆ ಕೇಳುತ್ತೀರಿ, ಮರದ ಮೇಲೆ ಇರುವವರನ್ನು ಕೇಳಿ.

ದಂಡಿನಶಿವರದ ಕಲ್ಲೇಶನಿಗೆ ನಿನ್ನೆ ಕೈಮುಗಿದೆ. ಒಂದು ಪೈಸೆ ಬೇಡ, ಕೇಬಲ್ ಹಾಗೇ ಹಾಕಿಕೊಡುತ್ತೇನೆ, ಮಿಷನ್ ಕೊಡು ಅಂದೆ. "ಸುಮ್ಕೆ ಯಾರಾದ್ರೂ ಕೊಡ್ತಾರಾ? ಹೊಸ ಮಾಲು ಏನೋ ಬಂದಿರ್ಬೇಕು, ನಮ್ ಮೇಲೆ ಟ್ರಯಲ್ ನೋಡ್ತೀಯ. ಕಾಲೇಜ್ ಮೇಡಮ್ಮೋರು ಹತ್ ತಿಂಗ್ಳು ಅಂದವ್ರೆ. ನಿಂದೇನಕ್ಕ ಹೊಸ ರಾಗ?" ಅಂತ ನಕ್ಕ. ಅವನ ಕೇಬಲಿಗೆ ಟ್ಯೂಬು ಸುತ್ತಿರುವುದು ಹತ್ತು ಮಾರು ದೂರದಿಂದಲೇ ಕಾಣುತ್ತಿತ್ತು. ನನ್ನ ಮುಂದೆಯೇ ಮರ ಹತ್ತಿದ. ಅವನು ಇಳಿಯುವವರೆಗೆ ಕೆಳಗೆ ನಿಂತಿದ್ದೆ.

ಚಿಕ್ಕನಾಯಕನಹಳ್ಳಿಯ ಹೈಸ್ಕೂಲಿನಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತಿದ್ದೆವು. ನಾನು ಎಸ್ಸೆಸ್ಸೆಲ್ಸಿಗೆ ಬಿಟ್ಟು ಸ್ಪಾನರ್ ಹಿಡಿದೆ, ನೀವು ಓದಿದಿರಿ. ಓದಿದ ಗೆಳತಿ ಇದ್ದಾಳೆ ಅಂತ ಎಲ್ಲರ ಹತ್ತಿರ ಕೊಚ್ಚಿಕೊಳ್ಳುತ್ತಿದ್ದೆ. ನಾಚಿಕೆ ಆಗುತ್ತಿದೆ.

ನಸೀಮ್ ಬಾನು


ಮೈಸೂರು
೩೦ ಸೆಪ್ಟೆಂಬರ್ ೨೦೨೩

ನಸೀಮ್,

ಇದರ ಜೊತೆ ಪಾರ್ಸೆಲ್ ಬರುತ್ತದೆ. ಇನ್ನೂರು ಹಾಳೆ ಇವೆ. ಪ್ರತಿ ಹಾಳೆಗೂ ಪೆನ್ನಿನಲ್ಲೇ ಸಹಿ ಹಾಕಿದ್ದೇನೆ. "ಮರ ಹತ್ತುವ ಮಿಷನ್ನಿನ ಮೇಲಿನ ಹತ್ತು ತಿಂಗಳ ಚೀಟಿಯ ಲೆಕ್ಕ ತಪ್ಪು. ತಪ್ಪು ನನ್ನದು. ದಯವಿಟ್ಟು ಚೀಟಿ ಕಿತ್ತುಹಾಕಿ, ಮಿಷನ್ನನ್ನು ಪೀರ್ ಸಾಬ್ ವರ್ಕ್‌ಶಾಪಿಗೆ ತಂದು ತೋರಿಸಿ, ನಡುವಿಗೆ ಹಗ್ಗ ಇಲ್ಲದೆ ಹತ್ತಬೇಡಿ" ಅಂತ ಇದೆ. ಒಂದು ಪ್ರತಿ ಪ್ರಿನ್ಸಿಪಾಲರಿಗೆ, ಒಂದು ಪ್ರತಿ ಗೈಡಿಗೆ ಕೊಟ್ಟೆ. ಪ್ರಿನ್ಸಿಪಾಲರು ವಿವರಣೆ ಕೇಳಿ ನೋಟಿಸು ಕಳಿಸಿದ್ದಾರೆ. ಗೈಡು ಮೂರನೇ ಅಧ್ಯಾಯ ವಾಪಸ್ ಕೊಟ್ಟು, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಅಂದರು. ಇದನ್ನು ನಿನ್ನ ಕನಿಕರಕ್ಕೆ ಬರೆಯುತ್ತಿಲ್ಲ, ನೀನು ಹೇಗೂ ತೋರಿಸುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಹೋದ ಭಾನುವಾರ ಚಿತ್ತಮ್ಮನ ಹಟ್ಟಿಗೆ ಹೋಗಿದ್ದೆ. ತಿಪಟೂರಿನಲ್ಲಿ ಬಸ್ಸು ಬದಲಿಸಿದೆ. ನಿನ್ನ ವರ್ಕ್‌ಶಾಪಿನ ಮುಂದೆ ಹಾದುಹೋದೆ, ಇಳಿಯಲು ಧೈರ್ಯ ಬರಲಿಲ್ಲ.

ಮನೆಯ ಮುಂದಿನ ಜಗಲಿಯಲ್ಲಿ ಮಂಚ ಹಾಕಿ ಮಲಗಿಸಿದ್ದರು. ನನ್ನ ಗುರುತು ಹಿಡಿದು, "ಲೆಕ್ಕದಕ್ಕ ಬಂದ್ಲು, ಚಾಪೆ ಹಾಸ್ರೇ" ಅಂದಳು. ಬೈಯುತ್ತಾಳೆ ಅಂತ ತಯಾರಾಗಿ ಹೋದವಳಿಗೆ ಕಾಫಿ ಕೊಡಿಸಿದಳು. ನಾನು ತಪ್ಪೊಪ್ಪಿಕೊಂಡೆ. ಆಮೇಲೆ ಅವಳು ಹೇಳಿದ ಮಾತನ್ನು ಅವಳ ಬಾಯಲ್ಲೇ ಬರೆಯುತ್ತೇನೆ.

"ನಂಗೇನ್ ಗೊತ್ತಾಗ್ಲಿಲ್ವಾ ಅಕ್ಕಾ? ಬೀಳಾಕೆ ಆರ್ ದಿನ ಮುಂಚೆ ಕಾಲ್ಕಡೆ ಎಳೆ ಚುಚ್ತು, ಬೆರಳಲ್ಲಿ ರಕ್ತ ಬಂತು. ನಸೀಮಕ್ಕನ್ ತಾವ ಎತ್ಕೊಂಡೋದೆ. ಅಂಗ್ಡಿ ತುಂಬಾ ಜನ. ಅಕ್ಕ ಚೀಟಿ ನೋಡಿ, ಇನ್ನೂ ಟೈಮ್ ಐತಲ್ಲೇ, ಮುಂದಿನ್ ತಿಂಗ್ಳು ಬಾ ಅಂತು. ಓದ್ದೋರು ಬರ್ದವ್ರೆ, ಮಿಷನ್ ಮಾಡ್ದೋಳು ಹೇಳ್ತವ್ಳೆ, ಇಬ್ರು ಹೇಳುದ್ ಮೇಲೆ ನನ್ ಬೆರಳಿಗೇನ್ ಗೊತ್ತಾಯ್ತದೆ ಅಂದ್ಕೊಂಡು ಬಂದ್ಬುಟ್ಟೆ."

ಅವಳಿಗೆ ನಿನ್ನ ಮೇಲೆ ಸಿಟ್ಟಿಲ್ಲ. ನನಗಿದೆ. ಎರಡು ತಿಂಗಳಿಂದ ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಿ ಕಾಗದದ ಮೇಲೆ ಕಾಗದ ಬರೆದೆ. ನಾನು ಎರಡು ಸಲ ಕೇಳಿದೆ. ಆ ಕೇಬಲನ್ನು ಯಾರಾದರೂ ನೋಡಿದ್ದರಾ ಅಂತ. ನನ್ನ ಇನ್ನೂರು ಸಹಿಯಲ್ಲಿ ನಿನ್ನ ಪಾಲಿನದ್ದೂ ಸೇರಿಕೊಂಡಿದೆ, ಗೊತ್ತಿರಲಿ.

ಕೋಮಲಾ


ತಿಪಟೂರು
೨೪ ಅಕ್ಟೋಬರ್ ೨೦೨೩

ಕೋಮಲಾ,

ನೋಡಿದ್ದೆ. ನಿನ್ನ ಪ್ರಶ್ನೆಗೆ ಉತ್ತರ ಅದು.

ನೋಡಿದ್ದೆ ಅನ್ನುವುದೂ ಸರಿಯಲ್ಲ. ಅವಳು ಬೆರಳು ತೋರಿಸಿದಳು, ನಾನು ಚೀಟಿ ನೋಡಿದೆ. ಅಬ್ಬ ಇದ್ದಿದ್ದರೆ ಮೂಲೆಯ ಡಬ್ಬದಿಂದ ಒಂದು ಚೂರು ಹತ್ತಿ ತೆಗೆದು ಕೇಬಲಿನ ಉದ್ದಕ್ಕೂ ಸವರುತ್ತಿದ್ದರು. ಎಳೆ ಕಿತ್ತಿದ್ದರೆ ಹತ್ತಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಅರ್ಧ ನಿಮಿಷದ ಕೆಲಸ. ಚೀಟಿ ಬಂದ ಮೇಲೆ ಆ ಡಬ್ಬ ನಾನು ತೆಗೆದೇ ಇರಲಿಲ್ಲ. ನಿನ್ನ ಸಹಿ ಕೇಳಿದ್ದು ಮರ ಹತ್ತುವವರಿಗೋಸ್ಕರ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಅದು ನಿಜವೇ. ಆದರೆ ತಪ್ಪೆಲ್ಲ ನಿನ್ನದು ಅಂತ ನಿನ್ನ ಕೈಯಲ್ಲೇ ಬರೆದದ್ದು ನನ್ನ ಹತ್ತಿರ ಒಂದು ಇರಲಿ ಅಂತಲೂ ಆಸೆ ಇತ್ತು. ಇನ್ನೂರು ಬಂದವು. ಹಟ್ಟಿಗೆ ಇನ್ನೂ ಹೋಗಿಲ್ಲ. ನೀನು ಹೋದೆ, ನಾನು ಹೋಗಲಿಲ್ಲ. ಅದನ್ನೂ ಬರೆದುಕೋ.

ನಿನ್ನೆ ಆಯುಧಪೂಜೆ. ಗೊತ್ತಲ್ಲ, ಅಬ್ಬನ ಕಾಲದಿಂದ ಮಿಷನ್ನಿನವರು ತಾವೇ ಕುಂಕುಮ ಹಚ್ಚಿ ನಮ್ಮ ಅಂಗಳದಲ್ಲೇ ಪೂಜೆ ಮಾಡುತ್ತಾರೆ, ಮಂಡಕ್ಕಿ ಬೆಲ್ಲ ನಾವು ಹಂಚುತ್ತೇವೆ. ನಿನ್ನ ಹಾಳೆಗಳನ್ನು ಮೂರು ವಾರದಿಂದ ಊರೂರಿಗೆ ಹಂಚಿದ್ದೆ. ನಿನ್ನೆ ಬಂದವರಿಗೂ ಮಂಡಕ್ಕಿ ಜೊತೆ ಒಂದೊಂದು ಕೊಟ್ಟೆ. ಬಾಗಿಲ ಮೇಲೂ ಒಂದು ಅಂಟಿಸಿದ್ದೇನೆ. ನೂರಾ ಮೂವತ್ತು ಮಿಷನ್ ಬಂದವು. ಪ್ರತಿಯೊಂದಕ್ಕೂ ಹತ್ತಿ ಸವರಿದೆ. ಕಲ್ಲೇಶನೂ ತಂದ. ನಿನ್ನ ಹಾಳೆಯಿಂದ ಆಗಿದ್ದು ಇಷ್ಟು, ಇದನ್ನು ಇಲ್ಲ ಅನ್ನಲಾರೆ.

ಮಧ್ಯಾಹ್ನ ಚಿತ್ತಮ್ಮನ ತಂಗಿ ಸಿದ್ದಮ್ಮ ಬಂದಳು. ಜುಂಜಣ್ಣ ಟಿವಿಎಸ್ಸಿನಲ್ಲಿ ಬಿಟ್ಟು ಹೋದನಂತೆ, ಒಳಗೆ ಬರಲಿಲ್ಲ. ತಲೆಯ ಮೇಲೆ ಅಕ್ಕನ ಮಿಷನ್ನು. ತೊಳೆದು ಕುಂಕುಮ ಹಚ್ಚಿತ್ತು.

"ಹೊಸ ಕೇಬಲ್ ಹಾಕಕ್ಕ."

"ಯಾರೇ ಹತ್ತೋದು?"

"ಇನ್ಯಾರು, ನಾನೇಯ. ಅಕ್ಕನೇ ಹೇಳ್ಕೊಟ್ಲು, ಮಂಚದ ಮೇಲಿಂದ್ಲೇ."

ನಾನೇ ಹಾಕಿದೆ. ಎರಡು ಸಲ ಬಿಚ್ಚಿ ಎರಡು ಸಲ ಹಾಕಿದೆ. ನಡುವಿನ ಹಗ್ಗ ಕೊಟ್ಟೆ. ಹತ್ತಿಯ ಉಂಡೆ ಕೊಟ್ಟು, ದಿನಾ ಹತ್ತುವ ಮುಂಚೆ ಸವರಿ ನೋಡು ಅಂದೆ. ಸೆರಗಿಗೆ ಗಂಟು ಹಾಕಿಕೊಂಡಳು. ಹೊರಡುವಾಗ ನಿಂತು, "ಚೀಟಿ?" ಅಂದಳು.

ಚೀಟಿ ಇಲ್ಲ, 'ಆ ಲೆಕ್ಕ ತಪ್ಪು' ಅಂತ ಮೇಡಮ್ಮೇ ಬರೆದುಕೊಟ್ಟಿದ್ದಾರೆ ಅಂತ ನಿನ್ನ ಹಾಳೆ ಓದಿ ಹೇಳಿದೆ. ಪೂರ್ತಿ ಕೇಳಿದಳು. "ಅದೆಲ್ಲ ಗೊತ್ತಕ್ಕ, ಅಕ್ಕ ಹೇಳವ್ಳೆ. ಆದ್ರೆ ಚೀಟಿ ಇಲ್ದಿದ್ರೆ ತೋಟದೋರು ಕರೆಯಲ್ಲ. ಅಕ್ಕ ಬಿದ್ದಾಗಿಂದ ಎಲ್ರೂ ಮೊದ್ಲು ಚೀಟಿ ತೋರ್ಸು ಅಂತಾರೆ. ಅಕ್ಕನ್ ಹಳೇದು ಆಗಲ್ಲ, ಹೊಸ್ದೇ ಬೇಕು. ಚೀಟಿ ಇದ್ರೆ, ಬಿದ್ರೂ ಅವರ್ ತಲೆ ಮೇಲೆ ಬರಾಕಿಲ್ವಂತೆ" ಅಂದಳು.

ಕೊಡುವುದಿಲ್ಲ ಅಂದೆ. ಹಳೇ ಚೀಟಿ ಕೀಳಲು ಕೈ ಹಾಕಿದೆ, ಮಿಷನ್ ಎಳೆದುಕೊಂಡು ಹೋದಳು. ಹಿಂದೆಯೇ ಹೋದೆ. ಬಸ್ ಸ್ಟ್ಯಾಂಡಿನ ಪಕ್ಕ ರವಿಕಿರಣನ ಜೆರಾಕ್ಸ್ ಅಂಗಡಿಯಲ್ಲಿ ಅಕ್ಕನ ಮಿಷನ್ನಿನ ಕಾಲುಪಟ್ಟಿಯನ್ನು ಗಾಜಿನ ಮೇಲೆ ಬೋರಲು ಹಾಕಿ ನಿಂತಿದ್ದಳು. ಕಾಗದ ಹೊರಗೆ ಬಂತು. ಹತ್ತು ತಿಂಗಳು ಭದ್ರ. ನಿನ್ನ ಹೆಸರು, ಕಾಲೇಜಿನ ಹೆಸರು, ಪಕ್ಕದಲ್ಲಿ ಕುಂಕುಮದ ಕರೀ ಮಚ್ಚೆ. ಕಿತ್ತುಕೊಂಡು ಹರಿದುಹಾಕಿದೆ. ಅವಳು ಸಿಟ್ಟೂ ಮಾಡಲಿಲ್ಲ. "ಇನ್ನೊಂದ್ ತೆಗಿಯಣ್ಣ" ಅಂದಳು.

"ಯಾಕಕ್ಕ ಹರೀತೀಯ? ಬೆಳಿಗ್ಗೆಯಿಂದ ಇಪ್ಪತ್ತು ಜನ ಇದನ್ನೇ ಮಾಡ್ಸವ್ರೆ" ಅಂದ ರವಿಕಿರಣ. ಅವರು ಯಾರು ಅಂತ ನನಗೆ ಕೇಳಬೇಕಾಗಿರಲಿಲ್ಲ. ಎಲ್ಲರೂ ನನ್ನ ಅಂಗಳದಲ್ಲಿ ಮಂಡಕ್ಕಿ ತಿಂದು ಹೋದವರು. ನಿನ್ನ ಹಾಳೆಯನ್ನು ಯಾರಾದರೂ ಜೆರಾಕ್ಸ್ ಮಾಡಿಸಿದರಾ ಅಂತ ಕೇಳಿದೆ. ಯಾವ ಹಾಳೆ ಅಂದ.

ನಿನ್ನ ನಂಬರಿನ ಬ್ಲಾಕ್ ತೆಗೆದಿದ್ದೇನೆ. ಫೋನ್ ಮಾಡಬೇಡ.

ನಸೀಮ್